ಸೋದರಮಾವನ ಕಾಯಿಲೆ ನನಗೂ ಬರುತ್ತಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ವಯಸ್ಸು 26. ಅಮ್ಮನ ತಮ್ಮನಿಗೆ ಬಹಳ ವರ್ಷದಿಂದ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ (ಇಲ್ಲದ ದನಿ ಕೇಳಿಸುವುದು, ಇಲ್ಲದ್ದನ್ನು ನಿಜವೆಂದು ನಂಬುವುದು) ಇದೆ. ಮಾತ್ರೆ ತಗೊಂಡು ತೋಟದ ಕೆಲಸ ಮಾಡಿಕೊಂಡು ಚೆನ್ನಾಗಿಯೇ ಇದ್ದಾರೆ. ನನಗೆ ಹಾಸನದಿಂದ ಸಂಬಂಧ ಕೂಡಿಬಂದಿದೆ. ಗಂಡಿನ ಕಡೆಯವರು ‘ಜೀನ್ ಟೆಸ್ಟ್ ಮಾಡಿಸಿ, ಗೊತ್ತಾಗಿಬಿಡುತ್ತೆ’ ಅನ್ನುತ್ತಿದ್ದಾರೆ. ಮದುವೆ ದಿನ ಮಾವ ಮನೆಯಲ್ಲೇ ಇರಲಿ ಅನ್ನುತ್ತಾರೆ ಅಮ್ಮ. ಏನು ಮಾಡಲಿ?

ಉತ್ತರ: ಮೊದಲು ಆ ದುಡ್ಡು ಉಳಿಸಿಕೊಳ್ಳಿ. ಸಕ್ಕರೆ ಕಾಯಿಲೆಯನ್ನು ರಕ್ತದಲ್ಲಿ ನೋಡಿ ಹೇಳುವ ಹಾಗೆ ಇದನ್ನು ಹೇಳುವ ಪರೀಕ್ಷೆ ಇನ್ನೂ ಬಂದಿಲ್ಲ. ಸ್ಕ್ಯಾನ್ ಕೂಡ ಅಷ್ಟೇ. ನೂರಾರು ರೋಗಿಗಳ ಸ್ಕ್ಯಾನ್ ಒಟ್ಟಿಗಿಟ್ಟು ನೋಡಿದರೆ ಮಿದುಳಿನೊಳಗೆ ನೀರು ತುಂಬಿರುವ ಜಾಗ ಸರಾಸರಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ, ಆದರೆ ಒಬ್ಬರ ಫಿಲ್ಮ್ ಹಿಡಿದು ‘ಇವರಿಗಿದೆ, ಇವರಿಗಿಲ್ಲ’ ಅನ್ನೋಕಾಗಲ್ಲ. ಡಾಕ್ಟರು ರಕ್ತ ಪರೀಕ್ಷೆ ಬರೆಯುತ್ತಾರಲ್ಲ, ಅದು ಥೈರಾಯ್ಡ್‌ನಂಥ ಬೇರೆ ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದಕ್ಕೆ.

ವಂಶದಲ್ಲಿ ಬರುವುದು ಸುಳ್ಳಲ್ಲ. ಯಾರಿಗೇ ಆದರೂ ಜೀವಮಾನದಲ್ಲಿ ಇದು ಬರುವ ಸಾಧ್ಯತೆ ನೂರಕ್ಕೆ ಸುಮಾರು 1. ಅಪ್ಪನಿಗೋ ಅಮ್ಮನಿಗೋ ಇದ್ದರೆ 10ರ ಹತ್ತಿರ. ನಿಮ್ಮ ಹಾಗೆ ಸೋದರಮಾವನಿಗಿದ್ದರೆ 3-4. ಅಂದರೆ ನೂರರಲ್ಲಿ 96 ಜನಕ್ಕೆ ಬರುವುದೇ ಇಲ್ಲ. ಅಷ್ಟೇಕೆ, ಒಂದೇ ಥರದ ಜೀನ್ ಇರುವ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೂ ಇನ್ನೊಬ್ಬರು ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಾರೆ!

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ದೊಡ್ಡ ಅಧ್ಯಯನ ಈ ಕಾಯಿಲೆಗೆ ನಂಟಿರುವ 287 ಜಾಗಗಳನ್ನು ನಮ್ಮ ಜೀನ್‌ಗಳ ರಾಶಿಯಲ್ಲಿ ಗುರುತಿಸಿತು. ಒಂದೊಂದರ ಪಾಲು ಚೂರೇ ಚೂರು. ನಿಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಗೊರೂರು ಡ್ಯಾಮ್ ತುಂಬುವ ಹೊತ್ತಿಗೆ ಎಷ್ಟು ಹಳ್ಳ ಸೇರಿರುತ್ತವೆ? ಯಾವುದೋ ಒಂದು ಹಳ್ಳ ನೋಡಿ ಡ್ಯಾಮ್ ತುಂಬುತ್ತೋ ಇಲ್ಲವೋ ಅಂತ ಹೇಳಿದ ಹಾಗಾಗುತ್ತದೆ ಈ ಟೆಸ್ಟ್. ಗಂಡಿನ ಕಡೆಯವರಿಗೂ ಇದನ್ನೇ ಹೇಳಿ. ಅವರ ಮನೆಯ ಮೂರು ತಲೆಮಾರಿನಲ್ಲಿ ಯಾರಿಗೇನಿತ್ತು ಅಂತ ಅವರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ, ಅಲ್ವಾ?

ಗಾಂಜಾ ಮಾತ್ರ ಬೇಡ. ಅದು ಅಪಾಯ ಜಾಸ್ತಿ ಮಾಡುತ್ತದೆ, ಅದರಲ್ಲೂ ಹುಡುಗ ವಯಸ್ಸಿನಲ್ಲಿ ಶುರು ಮಾಡಿದರೆ. ಮನೆಯ ಚಿಕ್ಕವರಿಗೆ ಇದನ್ನು ಹೇಳಿಡಿ.

ಇನ್ನು ಮಾವನ ವಿಷಯ. ಧಾರೆಗೆ ನಿಮ್ಮನ್ನು ಮಂಟಪಕ್ಕೆ ಕರೆತರಬೇಕಾದವರೇ ಅವರು, ಅವರನ್ನೇ ಮನೆಯಲ್ಲಿ ಕೂರಿಸಿದರೆ ಹೇಗೆ? ಹಿಂದಿನ ರಾತ್ರಿ ಛತ್ರದ ಗಲಾಟೆಯಲ್ಲಿ ಅವರ ಮಾತ್ರೆ, ನಿದ್ದೆ ಎರಡೂ ತಪ್ಪಿಹೋಗಬಹುದು. ಮಾತ್ರೆ ಡಬ್ಬಿ ನೆನಪಿಟ್ಟು ಕೊಡೋಕೆ ಒಬ್ಬರನ್ನು ಗೊತ್ತು ಮಾಡಿ, ಮಲಗೋಕೆ ಮೇಲಿನ ಮಹಡಿಯಲ್ಲಿ ಒಂದು ರೂಮು ಹಿಡಿದಿಡಿ.