ಊಟದ ಮಾತು: ಪುಡಿ ನಿಲ್ಲಿಸಿದ ಮೇಲೆ ತೂಕ ಯಾಕೆ ವಾಪಸ್ ಬಂತು?

ತುಮಕೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ 31 ವರ್ಷ ಗೃಹವಿಜ್ಞಾನ ಕಲಿಸಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಈ ವಾರ ಮೂರು ಕಾಗದಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಪ್ರೈವೇಟ್ ಶಾಲೆಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯಲ್ಲಿರುವ, ತೂಕ ಇಳಿಸುವುದಕ್ಕೆ ಪುಡಿ ಕದಡಿದ ಶೇಕ್ ಕೊಡುವ ಒಂದು ಕ್ಲಬ್‌ಗೆ ಸೇರಿದೆ. ಬೆಳಿಗ್ಗೆ ಮತ್ತು ರಾತ್ರಿ ಶೇಕ್, ಮಧ್ಯಾಹ್ನ ಮಾತ್ರ ಊಟ. ನಾಲ್ಕು ತಿಂಗಳಲ್ಲಿ 78 ಕೆಜಿಯಿಂದ 67ಕ್ಕೆ ಬಂದೆ. ತಿಂಗಳಿಗೆ ಏಳು ಸಾವಿರ ಖರ್ಚಾಗುತ್ತಿತ್ತು. ಸಾಲ ಆಯಿತು, ಬಿಟ್ಟುಬಿಟ್ಟೆ. ಈಗ 81 ಕೆಜಿ ಇದ್ದೇನೆ. ನನಗೆ ಡಿಸಿಪ್ಲಿನ್ ಇಲ್ಲ ಅಂತ ಕ್ಲಬ್‌ನ ಕೋಚ್ ಹೇಳುತ್ತಾರೆ. ನನ್ನ ಮನಸ್ಸೇ ಗಟ್ಟಿ ಇಲ್ಲ ಅಂತ ನನಗೂ ಅನ್ನಿಸುತ್ತದೆ. ಈಗ 13 ವರ್ಷದ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ. ಮುದ್ದೆ ಮುಟ್ಟಲ್ಲ, ‘ಅದು ಬರೀ ಕಾರ್ಬ್ಸ್’ ಅಂತಾಳೆ. ಏನು ಮಾಡಲಿ?
– ಹೆಸರು ಬೇಡ, ಕ್ಯಾತ್ಸಂದ್ರ

ತಂಗಿ, ‘ಮನಸ್ಸೇ ಗಟ್ಟಿ ಇಲ್ಲ’ ಅನ್ನುವ ಆ ಸಾಲು ಓದಿ ನನಗೆ ತುಂಬಾ ನೋವಾಯಿತು. ನಾಲ್ಕು ತಿಂಗಳು ಮನೆಯವರಿಗೆಲ್ಲ ಬಿಸಿ ಮುದ್ದೆ ಬಡಿಸಿ, ನೀವು ಪಕ್ಕದಲ್ಲಿ ಕೂತು ಪುಡಿ ಕದಡಿಕೊಂಡು ಕುಡಿದಿದ್ದೀರಿ. ನಿಮ್ಮ ಮನಸ್ಸು ಗಟ್ಟಿ ಇಲ್ಲದಿದ್ದರೆ ಇನ್ಯಾರದು ಗಟ್ಟಿ?

ಪುಡಿಯಿಂದ ತೂಕ ಹೇಗೆ ಇಳಿಯಿತು ಅಂತ ಮೊದಲು ಹೇಳುತ್ತೇನೆ. ಒಂದು ಲೋಟ ಶೇಕ್ ಅಂದರೆ ಹೆಚ್ಚುಕಡಿಮೆ 200 ಕ್ಯಾಲೊರಿ. ಎರಡು ಹೊತ್ತಿನ ಊಟದ ಜಾಗದಲ್ಲಿ ಅಷ್ಟೇ ಇಟ್ಟರೆ ಯಾರೇ ಆಗಲಿ ಇಳಿಯುತ್ತಾರೆ. ಪುಡಿಯ ಜಾಗದಲ್ಲಿ ಮಜ್ಜಿಗೆ ಇಟ್ಟಿದ್ದರೂ ಇಳಿಯುತ್ತಿದ್ದಿರಿ. ಇನ್ನು ಮೊದಲ ವಾರದಲ್ಲೇ ಎರಡು ಕೆಜಿ ಹೋಯಿತು ಅಂತ ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರಲ್ಲ, ಅದರಲ್ಲಿ ಹೆಚ್ಚಿನದು ನೀರು. ನಮ್ಮ ಲಿವರ್‌ನಲ್ಲಿ, ಮಾಂಸಖಂಡದಲ್ಲಿ ಸ್ವಲ್ಪ ಸಕ್ಕರೆ ಅಂಶ ಕೂಡಿಟ್ಟಿರುತ್ತದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದ ತಕ್ಷಣ ಮೊದಲು ಖಾಲಿಯಾಗುವುದು ಇದೇ. ಸರಿಯಾಗಿ ಉಂಡ ದಿನ ಅದು ಮತ್ತೆ ತುಂಬಿಕೊಳ್ಳುತ್ತದೆ.

ಹಾಗಾದರೆ ಇದ್ದದ್ದಕ್ಕಿಂತ ಮೂರು ಕೆಜಿ ಜಾಸ್ತಿ ಯಾಕೆ ಆಯಿತು? 1944-45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿ ಒಂದು ಪ್ರಯೋಗ ಮಾಡಿದರು. ಯುದ್ಧದಲ್ಲಿ ಹಸಿದ ಜನರಿಗೆ ಮತ್ತೆ ಊಟ ಹೇಗೆ ಕೊಡಬೇಕು ಅಂತ ತಿಳಿಯುವುದಕ್ಕೆ. 36 ಜನ ಗಟ್ಟಿಮುಟ್ಟಾದ ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ. ಇವತ್ತು ಹೆಂಗಸರ ಕೈಗೆ ಕೊಡುವ ಎಷ್ಟೋ ಡಯಟ್ ಚೀಟಿಗಳಲ್ಲಿ 1,200 ಅಂತ ಇರುತ್ತದೆ, ಗಮನಿಸಿ. ಆ ಹುಡುಗರಿಗೆ ಸದಾ ಚಳಿ. ಸಣ್ಣ ಮಾತಿಗೂ ಸಿಟ್ಟು. ಹಗಲು ರಾತ್ರಿ ಊಟದ್ದೇ ಯೋಚನೆ. ಕೆಲವರು ಅಡುಗೆ ಪುಸ್ತಕ ಕೂಡಿಟ್ಟು ಓದುತ್ತಾ ಕೂತರು. ಬೇಕಾದಷ್ಟು ಉಣ್ಣಬಹುದು ಅಂತ ಬಿಟ್ಟ ಮೇಲೆ ಎಷ್ಟು ತಿಂದರೂ ತೃಪ್ತಿಯಿಲ್ಲ, ಮೈಯಲ್ಲಿ ಮೊದಲಿಗಿಂತ ಹೆಚ್ಚು ಕೊಬ್ಬು ಸೇರಿತು. ಅವರಿಗೆ ಡಿಸಿಪ್ಲಿನ್ ಇಲ್ಲ ಅಂತ ಯಾರೂ ಅನ್ನಲಿಲ್ಲ.

ಇನ್ನೊಂದು ಇತ್ತೀಚಿನದು. ಅಮೆರಿಕದ ತೂಕ ಇಳಿಸುವ ಟೀವಿ ಸ್ಪರ್ಧೆಯಲ್ಲಿ ಭಾಗವಹಿಸಿದ 14 ಜನರನ್ನು ಆರು ವರ್ಷ ಕಳೆದ ಮೇಲೆ ಪರೀಕ್ಷೆ ಮಾಡಿ 2016ರಲ್ಲಿ ವರದಿ ಕೊಟ್ಟರು. ಹೆಚ್ಚಿನವರಿಗೆ ತೂಕ ವಾಪಸ್ ಬಂದಿತ್ತು. ಆದರೂ ಅವರ ದೇಹ ಸುಡಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಬರಗಾಲ ಬಂತು ಅಂತ ತಿಳಿದು ದೇಹ ಒಲೆಯ ಉರಿ ಸಣ್ಣ ಮಾಡಿಕೊಂಡಿತ್ತು. ಬರಗಾಲ ಮುಗಿಯಿತು ಅಂತ ಅದಕ್ಕೆ ಆರು ವರ್ಷವಾದರೂ ನಂಬಿಕೆ ಬಂದಿರಲಿಲ್ಲ. ಬರ ಕಂಡ ಪಾವಗಡ, ಸಿರಾ ಕಡೆಯ ನಮ್ಮ ಅಜ್ಜಿಯರೂ ಕಾಳು ಕಡಿ ಹೀಗೇ ಬಿಗಿಹಿಡಿದು ಉಳಿಸುತ್ತಿದ್ದರು, ಅಲ್ವಾ?

ಈಗ ವ್ಯಾಪಾರದ ವಿಷಯ. ತೂಕ ಇಳಿಸುವ ಅಂಗಡಿಗೆ ಬಂದವರು ಪೂರ್ತಿ ಇಳಿದು ಹಾಗೇ ಉಳಿದರೆ ಮತ್ತೆ ಆ ಅಂಗಡಿಗೆ ಬರುವುದಿಲ್ಲ. ಇಳಿದು, ಏರಿ, ತಪ್ಪು ನನ್ನದೇ ಅಂದುಕೊಂಡವರು ಮತ್ತೆ ಬರುತ್ತಾರೆ. ಹಾಗಾಗಿ ಕೋಚ್ ಹೇಳಿದ ಮಾತು ಆ ವ್ಯಾಪಾರಕ್ಕೆ ಬೇಕಾದ ಮಾತು. ಆಕೆಯ ಮೇಲೂ ಸಿಟ್ಟು ಬೇಡ. ಇಂಥ ಎಷ್ಟೋ ಕ್ಲಬ್‌ಗಳಲ್ಲಿ ಕೋಚ್‌ಗಳೂ ಕೈಯಿಂದ ದುಡ್ಡು ಹಾಕಿ ಡಬ್ಬ ಕೊಂಡವರೇ. ಕೆಳಗೆ ಜನ ಸೇರಿಸಿದರೆ ಮಾತ್ರ ಅವರ ದುಡ್ಡು ಹುಟ್ಟುತ್ತದೆ.

ತಿನ್ನಿಸುವವರು ಬೇರೆ, ಇಳಿಸುವವರು ಬೇರೆ ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ಕೆಚಪ್ ಮಾಡುವ ಹೈನ್ಜ್ ಕಂಪನಿ 1978ರಲ್ಲಿ ವೇಟ್ ವಾಚರ್ಸ್ ಅನ್ನುವ ತೂಕ ಇಳಿಸುವ ಸಂಸ್ಥೆಯನ್ನು ಕೊಂಡಿತು. ಯೂನಿಲಿವರ್ 2000ದಲ್ಲಿ ಸ್ಲಿಮ್‌ಫಾಸ್ಟ್ ಶೇಕ್ ಕಂಪನಿಯನ್ನು ಕೊಂಡಿತು, ಅದೇ ವರ್ಷ ಬೆನ್ ಅಂಡ್ ಜೆರ್ರೀಸ್ ಐಸ್‌ಕ್ರೀಂ ಕಂಪನಿಯನ್ನೂ ಕೊಂಡಿತು. ಚಾಕಲೇಟ್, ನೂಡಲ್ಸ್ ಮಾರುವ ನೆಸ್ಲೆ 2006ರಲ್ಲಿ ಜೆನ್ನಿ ಕ್ರೇಗ್ ಅನ್ನುವ ಡಯಟ್ ಕಂಪನಿಯನ್ನು 60 ಕೋಟಿ ಡಾಲರ್ ಕೊಟ್ಟು ತೆಗೆದುಕೊಂಡಿತು. ಆಮೇಲೆ ಅವು ಕೈ ಬದಲಾದವು, ಅದು ಬೇರೆ ಮಾತು. ಏರಿದರೂ ಇಳಿದರೂ ದುಡ್ಡು ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು.

ಈ ವ್ಯಾಪಾರ ನನ್ನ ಕ್ಲಾಸ್‌ರೂಮಿಗೂ ಬಂದಿತ್ತು, ಅದನ್ನೂ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪೌಷ್ಟಿಕ ಆಹಾರದ ಒಂದು ದೊಡ್ಡ ಬಣ್ಣದ ಚಾರ್ಟ್ ಉಚಿತವಾಗಿ ಬಂತು. ಹಾಲಿಗೆ ಹಾಕುವ ಪುಡಿಯ ಕಂಪನಿಯೊಂದು ಕಳಿಸಿದ್ದು. ಬೇಳೆ, ಸೊಪ್ಪು, ಮೊಟ್ಟೆ ಎಲ್ಲ ಇತ್ತು. ನಡುವೆ ಆ ಪುಡಿಯ ಡಬ್ಬವೂ ಇತ್ತು. ಹತ್ತು ವರ್ಷ ಅದನ್ನೇ ತೋರಿಸಿ ಪಾಠ ಮಾಡಿದೆ. ಒಂದು ದಿನವೂ ಈ ಡಬ್ಬ ಇಲ್ಲಿ ಯಾಕಿದೆ ಅಂತ ಕೇಳಿಕೊಳ್ಳಲಿಲ್ಲ. ಮುಂದೆ ಅಮೆರಿಕದ ಸಕ್ಕರೆ ಉದ್ಯಮದ ಸಂಗತಿ ಓದಿದಾಗ ನನಗೆ ಆ ಚಾರ್ಟ್ ನೆನಪಾಯಿತು. 1965ರಲ್ಲಿ ಅವರ ಸಂಘ ಹಾರ್ವರ್ಡ್‌ನ ಸಂಶೋಧಕರಿಗೆ ಸುಮಾರು 6,500 ಡಾಲರ್ ಕೊಟ್ಟಿತ್ತು. 1967ರಲ್ಲಿ ಲೇಖನ ಬಂತು. ಹೃದಯದ ಕಾಯಿಲೆಯ ದೂರು ಸಕ್ಕರೆಯ ಕಡೆಯಿಂದ ಕೊಬ್ಬಿನ ಕಡೆಗೆ ತಿರುಗಿತು. ಯಾರ ದುಡ್ಡು ಅಂತ ಅದರಲ್ಲಿ ಬರೆದಿರಲಿಲ್ಲ. ಲೋಕಕ್ಕೆ ಗೊತ್ತಾಗಿದ್ದು 2016ರಲ್ಲಿ. ನನ್ನ ಹತ್ತಿರ ಕಲಿತ ಹುಡುಗಿಯರು ಇವತ್ತು ಅಜ್ಜಿಯರಾಗಿದ್ದಾರೆ, ಮೊಮ್ಮಕ್ಕಳಿಗೆ ಆ ಪುಡಿಯನ್ನೇ ಕದಡಿ ಕೊಡುತ್ತಿರಬಹುದು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯಿರಿ ಅಂದಿತು. ನಮ್ಮ ಆಹಾರ ಕಾನೂನಿನಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವರ್ಗವೇ ಇಲ್ಲ.

ಮಗಳ ವಿಷಯ ಎಲ್ಲಕ್ಕಿಂತ ಮುಖ್ಯ. ನಾನು ಒಂದು ಸಲ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಎಲ್ಲ ಹುಡುಗಿಯರ ತೂಕ ನೋಡಿ ಬೋರ್ಡ್ ಮೇಲೆ ಬರೆದೆ. ಲೆಕ್ಕ ಕಲಿಸುವುದಷ್ಟೇ ನನ್ನ ಉದ್ದೇಶ. ಆಮೇಲೆ ಕೊನೆಯ ಬೆಂಚಿನ ಒಂದು ಹುಡುಗಿ ಮಧ್ಯಾಹ್ನ ಡಬ್ಬಿ ತೆಗೆಯುವುದನ್ನೇ ಬಿಟ್ಟಳು. ನನಗೆ ಗೊತ್ತಾಗುವ ಹೊತ್ತಿಗೆ ವರ್ಷ ಮುಗಿದಿತ್ತು. ಇವತ್ತಿಗೂ ಅವಳ ಮುಖ ಕಣ್ಣ ಮುಂದಿದೆ. ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ, ಮನೆಯಲ್ಲಿ ತೂಕದ ಮೆಷಿನ್ ಇದ್ದರೆ ಇವತ್ತೇ ಅಟ್ಟಕ್ಕೆ ಹಾಕಿ. 12-13ರ ವಯಸ್ಸಿನಲ್ಲಿ ಹೆಣ್ಣುಮಕ್ಕಳ ಮೈ ತುಂಬಿಕೊಳ್ಳಬೇಕು. ಮುಟ್ಟು ಶುರುವಾದರೆ ಕಬ್ಬಿಣಾಂಶವೂ ಜಾಸ್ತಿ ಬೇಕು. ಆಸ್ಟ್ರೇಲಿಯಾದಲ್ಲಿ ಹೈಸ್ಕೂಲು ಮಕ್ಕಳನ್ನು ಮೂರು ವರ್ಷ ಗಮನಿಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೀರಾ ಕಟ್ಟುನಿಟ್ಟಿನ ಡಯಟ್ ಮಾಡಿದ ಹುಡುಗಿಯರಿಗೆ ಊಟದ ಮಾನಸಿಕ ಕಾಯಿಲೆ ಬರುವ ಸಂಭವ ಮಾಡದವರಿಗಿಂತ 18 ಪಟ್ಟು ಹೆಚ್ಚಿತ್ತು.

ಬೈಯಬೇಡಿ. ‘ದಪ್ಪ’, ‘ಸಣ್ಣ’ ಅನ್ನುವ ಮಾತು ಅವಳ ಮುಂದೆ ಬೇಡ, ನಿಮ್ಮ ಬಗ್ಗೆಯೂ ಬೇಡ. ರಾತ್ರಿ ಇಬ್ಬರೂ ಒಟ್ಟಿಗೆ ಕೂತು ಉಣ್ಣಿ. ನೀವು ಮುದ್ದೆ ಮುರಿದು ಸಾರಿಗೆ ಅದ್ದುವುದನ್ನು ಅವಳು ದಿನಾ ನೋಡಲಿ. ನಿಮ್ಮ ಮನೆ ಪಕ್ಕದಲ್ಲೇ ಸಿದ್ಧಗಂಗೆ ಇದೆ. ಅಲ್ಲಿ ಸಾವಿರಾರು ಮಕ್ಕಳು ಮುದ್ದೆ ಸಾರು ಉಂಡು ಓದಿ ಆಡಿ ಬೆಳೆಯುತ್ತಿದ್ದಾರೆ. ಒಂದು ದಿನ ಅವಳನ್ನು ಕರೆದುಕೊಂಡು ಹೋಗಿ ಪ್ರಸಾದಕ್ಕೆ ಕೂರಿಸಿ. ತಲೆಸುತ್ತು, ಊಟವಾದ ಮೇಲೆ ಬಚ್ಚಲಿಗೆ ಓಡಿ ವಾಂತಿ, ಮುಟ್ಟು ನಿಲ್ಲುವುದು, ಇದರಲ್ಲಿ ಯಾವುದು ಕಂಡರೂ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ನಿಮಗೆ ಹೇಳುವುದು ಕಡಿಮೆಯೇ ಇದೆ. ಥೈರಾಯ್ಡ್, ಶುಗರ್ ಒಮ್ಮೆ ಪರೀಕ್ಷೆ ಮಾಡಿಸಿ. ಮೂರು ಹೊತ್ತು ಉಣ್ಣಿ. ಮುದ್ದೆ ಚಿಕ್ಕದಾಗಲಿ, ಬಸ್ಸಾರಿನ ಪಲ್ಯ ದೊಡ್ಡದಾಗಲಿ. ಹುರುಳಿ, ಅಲಸಂದೆ, ಅವರೆ, ಮೊಟ್ಟೆ ಯಾವುದಾದರೂ ಒಂದು ದಿನಾ ಇರಲಿ. ಸಂಜೆ ಸ್ಕೂಲಿನಿಂದ ಹಸಿದು ಬಂದಾಗ ಬಿಸ್ಕತ್ತಿನ ಬದಲು ಹುರಿದ ಕಡ್ಲೆಕಾಯಿ ಒಂದು ಹಿಡಿ. ದಿನಾ ಅರ್ಧ ಗಂಟೆ ನಡೆಯಿರಿ. 67ಕ್ಕೆ ಹೋಗಬೇಕು ಅನ್ನುವ ಹಟ ಬಿಡಿ. ವರ್ಷಕ್ಕೆ ನಾಲ್ಕು ಕೆಜಿ ಇಳಿದು ಅಲ್ಲೇ ನಿಂತರೂ ಬಿಪಿ, ಶುಗರ್‌ಗೆ ಒಳ್ಳೆಯದೇ. ಇಳಿಯದಿದ್ದರೂ ಉಂಡದ್ದು ವ್ಯರ್ಥವಾಗುವುದಿಲ್ಲ. ತಿಂಗಳಿಗೆ ಉಳಿಯುವ ಆ ಏಳು ಸಾವಿರದಲ್ಲಿ ಮೊದಲು ಸಾಲ ತೀರಿಸಿ.

ಪ್ರಶ್ನೆ: ನನಗೆ 68 ವರ್ಷ, ಶುಗರ್ ಇದೆ. ಮಗ ಬೆಂಗಳೂರಿನಿಂದ ಡೈಜೆಸ್ಟಿವ್ ಬಿಸ್ಕತ್ತು, ರಾಗಿ ಬಿಸ್ಕತ್ತು ತಂದು ಕೊಡುತ್ತಾನೆ. ತಿನ್ನಬಹುದೇ?
– ಒಬ್ಬ ಓದುಗರು, ಸಿರಾ

ಹಿರಿಯರೇ, ಮಗನ ಪ್ರೀತಿ ದೊಡ್ಡದು. ಆದರೆ ಪೊಟ್ಟಣ ತಿರುಗಿಸಿ ಹಿಂದೆ ನೋಡಿ. ಯಾವ ಸಾಮಾನು ಹೆಚ್ಚು ತೂಕ ಇದೆಯೋ ಅದನ್ನೇ ಮೊದಲು ಬರೆಯಬೇಕು ಅನ್ನುವುದು ಕಾನೂನು. ಇಂಥ ಎಷ್ಟೋ ಪೊಟ್ಟಣಗಳಲ್ಲಿ ಮೊದಲ ಮೂರು ಹೆಸರು ಗೋಧಿ ಹಿಟ್ಟು ಅಥವಾ ಮೈದಾ, ಸಕ್ಕರೆ, ತಾಳೆಎಣ್ಣೆ. ಮುಂದೆ ಲಿಕ್ವಿಡ್ ಗ್ಲುಕೋಸ್, ಇನ್ವರ್ಟ್ ಸಿರಪ್, ಮಾಲ್ಟೋಡೆಕ್ಸ್ಟ್ರಿನ್ ಅಂತ ಇದ್ದರೆ ಅವೂ ರಕ್ತದಲ್ಲಿ ಸಕ್ಕರೆ ಏರಿಸುವಂಥವೇ. ರಾಗಿ ಅಂತ ಮುಂದೆ ದೊಡ್ಡಕ್ಷರದಲ್ಲಿದ್ದರೆ ಹಿಂದೆ ರಾಗಿ ಶೇಕಡಾ ಎಷ್ಟು ಅಂತ ಹುಡುಕಿ. ನಿಮ್ಮ ಕನ್ನಡಕಕ್ಕೆ ಕಾಣದಿದ್ದರೆ ಮೊಮ್ಮಕ್ಕಳ ಹತ್ತಿರ ಓದಿಸಿ.

ಒಂದು ಎಚ್ಚರ. ರಾಗಿ ಔಷಧಿ ಅಲ್ಲ. ನುಣ್ಣಗೆ ಬೀಸಿ ತೆಳ್ಳಗೆ ಗಂಜಿ ಮಾಡಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಮುದ್ದೆಯನ್ನು ಸೊಪ್ಪು, ಕಾಳಿನ ಜೊತೆ ಹಿತವಾಗಿ ಉಣ್ಣಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ಮೇಡಂ, ಸ್ಕೂಲ್ ಎದುರು ನನ್ನ ಸಣ್ಣ ಅಂಗಡಿ. ಐದು ರೂಪಾಯಿ ಚಿಪ್ಸ್, ಕುರುಕಲು ಪ್ಯಾಕೆಟ್‌ಗಳಿಂದಲೇ ನನ್ನ ಜೀವನ. ನಿಮ್ಮ ಅಂಕಣ ಓದಿ ಪಾಪ ಮಾಡುತ್ತಿದ್ದೇನೆ ಅನ್ನಿಸುತ್ತೆ. ಮಾರುವುದು ಬಿಡಬೇಕಾ?
– ಅಂಗಡಿಯವನು, ಮಧುಗಿರಿ

ತಮ್ಮಾ, ಪಾಪದ ಮಾತು ಬೇಡ. ಇಷ್ಟು ಯೋಚನೆ ಮಾಡಿ ಬರೆದಿದ್ದೀರಲ್ಲ, ನನಗೆ ಬಹಳ ಸಂತೋಷವಾಯಿತು. ಐದು ರೂಪಾಯಿ ಅನ್ನುವುದು ಮಗುವಿನ ಜೇಬಿಗೆ ಅಂತಲೇ ಅಳೆದು ಇಟ್ಟ ಬೆಲೆ. ಸಾಮಾನಿನ ಬೆಲೆ ಏರಿದರೆ ಒಳಗಿನ ಗ್ರಾಂ ಇಳಿಯುತ್ತದೆ, ಐದು ರೂಪಾಯಿ ಹಾಗೇ ಇರುತ್ತದೆ. ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಮಕ್ಕಳಿಗೆ ಕೈ ನಿಲ್ಲುವುದಿಲ್ಲ ಅನ್ನುವುದೂ ಅವರ ತಪ್ಪಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಜೊತೆಗಾರರು 20 ಜನ ದೊಡ್ಡವರನ್ನು ಆಸ್ಪತ್ರೆಯಲ್ಲಿ ಇಟ್ಟುಕೊಂಡು ಎರಡು ವಾರ ಕಾರ್ಖಾನೆಯ ತಿಂಡಿ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎರಡರಲ್ಲೂ ತಟ್ಟೆಗೆ ಇಟ್ಟ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸಮ ಇತ್ತು. ಬೇಕಾದಷ್ಟು ತಿನ್ನಿ ಅಂದರು. ಕಾರ್ಖಾನೆಯ ತಿಂಡಿ ಇದ್ದಾಗ ಜನ ಬೇಗ ಬೇಗ ತಿಂದರು, ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ತಿಂದರು. ಎರಡೇ ವಾರಕ್ಕೆ ಸುಮಾರು ಒಂದು ಕೆಜಿ ಏರಿದರು. ದೊಡ್ಡವರದೇ ಹೀಗಾದರೆ ಮೂರನೇ ಕ್ಲಾಸಿನ ಮಗು ಏನು ಮಾಡೀತು?

ಕಾರ್ಖಾನೆಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ನಮ್ಮ ವಸಂತನರಸಾಪುರದಲ್ಲೂ 2014ರಲ್ಲಿ ಫುಡ್ ಪಾರ್ಕ್ ಶುರುವಾಯಿತು. ರೈತರ ಹಣ್ಣು ತರಕಾರಿ ಕೊಳೆಯದಂತೆ ಉಳಿಸುವುದು ಒಳ್ಳೆಯ ಕೆಲಸವೇ. ನನಗೆ ಸಂಕಟವಾಗುವುದು ಉಪ್ಪು, ಎಣ್ಣೆ, ಸಕ್ಕರೆಯನ್ನು ಹದವಾಗಿ ಬೆರೆಸಿ ಮಗುವಿನ ನಾಲಿಗೆಯನ್ನೇ ಮಾರುಕಟ್ಟೆ ಮಾಡಿಕೊಳ್ಳುವುದು. ಚಿಲಿ ದೇಶ 2016ರಿಂದ ಇಂಥ ಪ್ಯಾಕೆಟ್‌ಗಳ ಮುಂದೆಯೇ ‘ಸಕ್ಕರೆ ಹೆಚ್ಚು’, ‘ಉಪ್ಪು ಹೆಚ್ಚು’ ಅಂತ ಕಪ್ಪು ಗುರುತು ಹಾಕಿಸಿದೆ, ಅವನ್ನು ಶಾಲೆಯಲ್ಲಿ ಮಾರುವಂತಿಲ್ಲ ಅಂದಿದೆ. ಇಂಥ ಕೆಲಸ ಸರ್ಕಾರ ಮಾಡಬೇಕು. ಸುಮ್ನೆ ನಿಮ್ಮೊಬ್ಬರ ತಲೆಗೆ ಕಟ್ಟಿದರೆ ಅನ್ಯಾಯ.

ನಿಮ್ಮ ಕೈಯಲ್ಲಿ ಆಗುವುದು ಒಂದಿದೆ. ಬಾಗಿಲಿಗೆ ತೋರಣದ ಹಾಗೆ ನೇತುಹಾಕಿರುವ ಪ್ಯಾಕೆಟ್ ಸಾಲುಗಳನ್ನು ಒಳಗಿನ ಗೋಡೆಗೆ ಹಾಕಿ. ಮುಂದೆ ಮಗುವಿನ ಕಣ್ಣಿಗೆ ನೇರವಾಗಿ ಕಡ್ಲೆಕಾಯಿ ಮಿಠಾಯಿ, ಹುರಿಗಡ್ಲೆ, ಬೇಯಿಸಿದ ಕಡ್ಲೆಕಾಯಿ, ಬಾಳೆಹಣ್ಣು, ಕಾಲಕ್ಕೆ ತಕ್ಕಂತೆ ಸೀಬೆಹಣ್ಣು ಇಡಿ. ನಿಮ್ಮ ತಾಲ್ಲೂಕಿನ ಹೊಲದಲ್ಲೇ ಕಡ್ಲೆಕಾಯಿ ಬೆಳೆಯುತ್ತದೆ. ಮನೆಯಲ್ಲೇ ಬೇಯಿಸಿ ಐದು ರೂಪಾಯಿಗೆ ಒಂದು ಪೊಟ್ಟಣ ಕಟ್ಟಿದರೆ ಪ್ಯಾಕೆಟ್‌ಗಿಂತ ಲಾಭ ಜಾಸ್ತಿ ಬಂದರೂ ಬರಬಹುದು. ಒಂದು ತಿಂಗಳು ಮಾಡಿ ನೋಡಿ, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು ಅಂತ ನನಗೆ ಬರೆಯಿರಿ. ಮಧುಗಿರಿ ಕಡೆ ಬಂದಾಗ ನಾನೇ ಅಂಗಡಿಗೆ ಬರುತ್ತೇನೆ.