ಓದುಗರ ಪ್ರಶ್ನೆ: ಮಟ್ಟೆ ಚೀನಾಕ್ಕೆ, ಹೊಗೆ ನಮಗೆ

ಪ್ರಶ್ನೆ: ಜಾಗತೀಕರಣವೆಂದರೆ ಬೆಂಗಳೂರಿನವರ ಮಾತು. ತೆಂಗು ಬೆಳೆದು ಕೊಬ್ಬರಿ ಮಾಡುವ ನಮಗೂ ಅದಕ್ಕೂ ಏನು ಸಂಬಂಧ? ಲಾಭವೋ ನಷ್ಟವೋ ಹೇಳಿ.
– ಬೆಳೆಗಾರರು, ತುರುವೇಕೆರೆ

ಸಂಬಂಧ ಹುಡುಕಲು ಬೆಂಗಳೂರಿಗೆ ಹೋಗಬೇಕಾಗಿಲ್ಲ ಸ್ವಾಮಿ, ನಿಮ್ಮ ಮರದ ಗೊನೆಯನ್ನೇ ನೋಡಿ. ತೊಟ್ಟಿನ ಬುಡದಲ್ಲಿ ಮೊದಲು ಬೆಳ್ಳಗಿನ ತ್ರಿಕೋನದ ಮಚ್ಚೆ, ಆಮೇಲೆ ಅದೇ ಕಂದು ಬಣ್ಣಕ್ಕೆ ತಿರುಗಿ ಸೀಳು ಬಿಡುತ್ತದಲ್ಲ, ಆ ನುಸಿಯನ್ನು ವಿಜ್ಞಾನ ಗುರುತಿಸಿದ್ದು 1965ರಲ್ಲಿ, ಮೆಕ್ಸಿಕೋದ ಗೆರೆರೊ ಪ್ರಾಂತ್ಯದ ಕಾಯಿಗಳ ಮೇಲೆ. 1998ರಲ್ಲಿ ಅದು ಕೇರಳದಲ್ಲಿ ಕಾಣಿಸಿತು. ಅಲ್ಲಿಂದ ನಮ್ಮ ಜಿಲ್ಲೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 2016ರಲ್ಲಿ ಪೊಳ್ಳಾಚಿ ಕಡೆ ಕಂಡ ಸುರುಳಿ ಬಿಳಿನೊಣವೂ ಮಧ್ಯ ಅಮೆರಿಕದ ಕಡೆಯದೇ. ಗರಿಯ ಮೇಲೆ ಕಟ್ಟುವ ಕಪ್ಪು ಮಸಿ ಅದರ ಕೊಡುಗೆ.

ಇನ್ನು ಬೆಲೆ. ಇಲ್ಲಿ ಮಾತ್ರ ನಾನು ಎಲ್ಲಕ್ಕೂ ಜಾಗತೀಕರಣವನ್ನೇ ದೂರುವ ಭಾಷಣಕಾರರ ಜೊತೆ ನಿಲ್ಲುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರು ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಅದೇ ಮಾರುಕಟ್ಟೆ 25 ಸಾವಿರ ದಾಟಿತು. ಬಿದ್ದಾಗ ಎಲ್ಲರ ಬಾಯಲ್ಲೂ ಗ್ಯಾಟ್ ಎಂಬ ಜಾಗತಿಕ ವ್ಯಾಪಾರ ಒಪ್ಪಂದ, ಏರಿದಾಗ ಎಲ್ಲವೂ ನಮ್ಮ ಜಾಣತನ! ಇಂಡೋನೇಷ್ಯಾ, ಮಲೇಷ್ಯಾದ ತಾಳೆ ಎಣ್ಣೆ ಹೊಡೆಯುವುದು ಮುಖ್ಯವಾಗಿ ಎಣ್ಣೆ ತೆಗೆಯುವ ಕೊಬ್ಬರಿಯನ್ನು. ನಮ್ಮ ಉಂಡೆ ಕೊಬ್ಬರಿ ಹೋಗುವುದು ಹೆಚ್ಚಾಗಿ ಉತ್ತರ ಭಾರತದ ಹಬ್ಬ, ಮದುವೆಗಳಿಗೆ. ಅಲ್ಲಿನ ಬೇಡಿಕೆ, ಇಲ್ಲಿನ ಫಸಲು, ನಡುವಿನ ವರ್ತಕರು, ಇಷ್ಟರಲ್ಲೇ ನಮ್ಮ ಹಣೆಬರಹದ ಬಹುಪಾಲು ಮುಗಿಯುತ್ತದೆ.

ಜಗತ್ತು ನಿಜವಾಗಿ ಕೈಹಾಕಿರುವುದು ನಾವು ಕಸವೆಂದು ಬಗೆದದ್ದಕ್ಕೆ. ಮಟ್ಟೆ, ಅಂದರೆ ಕಾಯಿ ಸುಲಿದ ಸಿಪ್ಪೆ, ಒಯ್ಯಲು ಲಾರಿ ಮನೆ ಬಾಗಿಲಿಗೇ ಬರುತ್ತದೆ. ಅದರ ನಾರು ಹಾಸಿಗೆಗೆಂದು ಚೀನಾಕ್ಕೆ, ನಾರು ತೆಗೆದು ಉಳಿದ ಪುಡಿ ಇಟ್ಟಿಗೆಯಂತೆ ಒತ್ತಿಸಿಕೊಂಡು ನೆದರ್ಲೆಂಡ್ಸ್‌ನಲ್ಲಿ ಗಿಡ ಬೆಳೆಸುವ ಗಾಜಿನ ಮನೆಗಳಿಗೆ. ಚಿಪ್ಪು ಇದ್ದಿಲಾಗಿ, ಇದ್ದಿಲು ಸಕ್ರಿಯ ಇಂಗಾಲವಾಗಿ, ನೀರು ಸೋಸುವ ಯಂತ್ರದಿಂದ ಹಿಡಿದು ಚಿನ್ನ ತೆಗೆಯುವ ಕಾರ್ಖಾನೆವರೆಗೆ ಹೋಗುತ್ತದೆ. ಕೈಗೆ ನಾಲ್ಕು ಕಾಸು ಬರುವುದು ನಿಜ, ನಾರಿನ ಘಟಕದಲ್ಲಿ ಹೆಂಗಸರಿಗೆ ಕೂಲಿ ಸಿಕ್ಕಿದೆ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ನಮ್ಮ ತೋಟದ ಆಚೆ ಚಿಪ್ಪು ಸುಡುವ ಗೂಡೊಂದಿದೆ. ಗಾಳಿ ಇತ್ತ ತಿರುಗಿದ ದಿನ ಒಣಗಲು ಹಾಕಿದ ಬಿಳಿ ಪಂಚೆ ಬೂದು ಬಣ್ಣವಾಗಿರುತ್ತದೆ, ಬಾವಿಯ ನೀರಿಗೆ ಸುಟ್ಟ ವಾಸನೆ. ಎಲ್ಲೋ ಯಾರದೋ ನೀರು ಶುದ್ಧವಾಗಲು ನಮ್ಮ ನೀರು ಕೆಡಬೇಕೇ?

ಇದಕ್ಕಿಂತ ಸದ್ದಿಲ್ಲದ ನಷ್ಟ ಇನ್ನೊಂದಿದೆ. ತೆಂಗಿನ ಮಟ್ಟೆಯಲ್ಲಿ ಪೊಟ್ಯಾಷ್ ಹೇರಳ. ನಮ್ಮ ಅಪ್ಪಂದಿರು ಮಟ್ಟೆಯನ್ನು ಮರದ ಪಾತಿಯಲ್ಲೇ ಹೂಳುತ್ತಿದ್ದರು, ಮರದಿಂದ ಬಂದದ್ದು ಮರಕ್ಕೇ ಸೇರುತ್ತಿತ್ತು. ಈಗ ಅದನ್ನು ಲಾರಿಗೆ ತುಂಬಿ, ಸೊಸೈಟಿಗೆ ಹೋಗಿ ಪೊಟ್ಯಾಷ್ ಚೀಲ ಹೊತ್ತು ತರುತ್ತೇವೆ. ಆ ಗೊಬ್ಬರ ನಮ್ಮ ದೇಶದ ಗಣಿಯದಲ್ಲ. ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡಾನ್‌ನಂಥ ದೇಶಗಳಿಂದ ಬರುತ್ತದೆ. 2022ರಲ್ಲಿ ಚೀಲದ ಬೆಲೆ ಏರಿದ್ದು ನಿಮಗೂ ನೆನಪಿರಬೇಕು. ಮಟ್ಟೆ ಮಾರಿದ ದುಡ್ಡನ್ನೂ ಪೊಟ್ಯಾಷ್ ಕೊಂಡ ಚೀಟಿಯನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಲಾಭವೋ ನಷ್ಟವೋ ಎಂದು ನನ್ನನ್ನು ಕೇಳುವ ಕೆಲಸವಿರುವುದಿಲ್ಲ.

ಪ್ರಶ್ನೆ: ನಮ್ಮ ಕಡೆಯ ಮದುವೆ ಊಟದಲ್ಲೂ ಗೋಬಿ ಮಂಚೂರಿ ಬಂದಿದೆ. ಸಂಸ್ಕೃತಿ ಹಾಳಾಗುತ್ತಿಲ್ಲವೇ?
– ಗೃಹಿಣಿ, ತುಮಕೂರು

ತಾಯಿ, ಪಾವಗಡದ ಶೇಂಗಾ, ಸಾರಿನ ಟೊಮೆಟೊ, ಮೆಣಸಿನಕಾಯಿ ಎಲ್ಲವೂ ಅಮೆರಿಕ ಖಂಡಗಳಿಂದ ಬಂದವು. ರಾಗಿಯ ತವರು ಪೂರ್ವ ಆಫ್ರಿಕಾ. ಮಂಚೂರಿಯೂ ಬರಲಿ, ರುಚಿಯಾಗಿದ್ದರೆ ಉಳಿಯುತ್ತದೆ. ನನಗೆ ಅದಕ್ಕಿಂತ ಅಟ್ಟದ ಚಿಂತೆ. ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು (ಒಳಗಿನ ಒಣ ಕೊಬ್ಬರಿ) ಗಡಗಡ ಎಂದಾಗಲೇ ಸುಲಿಯುವುದು ನಮ್ಮ ಪದ್ಧತಿ. ಅಜ್ಜಿಯರು ಕಿವಿಯ ಹತ್ತಿರ ಹಿಡಿದೇ ಆಯುತ್ತಿದ್ದರು. ಈಗಿನ ಆರ್‌ಸಿಸಿ ಮನೆಗೆ ಅಟ್ಟವಿಲ್ಲ, ಕಾಯುವ ಮಕ್ಕಳು ವಸಂತನರಸಾಪುರದ ಕಾರ್ಖಾನೆಯ ಪಾಳಿಯಲ್ಲಿದ್ದಾರೆ. ಎಳನೀರಿನಲ್ಲೇ ಕೊಯ್ದು ಕೊಟ್ಟರೆ ಅಂದೇ ಕೈಗೆ ಹಣ. ಯಾರನ್ನು ಬೈಯುವುದು?

ಪ್ರಶ್ನೆ: ಮಟ್ಟೆ ಹೂಳುವ ಕ್ರಮ ತಿಳಿಸಿ.
– ಯುವ ರೈತ, ಗುಬ್ಬಿ

ಮಳೆಗಾಲದ ಆರಂಭದಲ್ಲಿ ಮರದ ಬುಡದಿಂದ ದೂರವಿಟ್ಟು, ಸಾಲುಗಳ ನಡುವೆ ಕಾಲುವೆ ತೋಡಿ. ಮಟ್ಟೆಯ ತಗ್ಗಾದ ಒಳಭಾಗ ಮೇಲೆ ಬರುವಂತೆ ಜೋಡಿಸಿದರೆ ನೀರು ನಿಲ್ಲುತ್ತದೆ. ಪದರ ಪದರದ ನಡುವೆ ಮಣ್ಣು ಹಾಕಿ ಮುಚ್ಚಿ. ಐದಾರು ವರ್ಷ ಕೆಲಸ ಮಾಡುತ್ತದೆ. ಎಲ್ಲವನ್ನೂ ಹೂಳಲಾಗದಿದ್ದರೆ ಅರ್ಧವನ್ನಾದರೂ ಲಾರಿ ಬರುವ ಮೊದಲೇ ಬೇರೆ ತೆಗೆದಿಡಿ.