ಅರಿಯಸ್‌ನ ವಾದವನ್ನು ಅರಿಯಸ್‌ನಿಂದಲೇ ಹೇಳಿಸಿ

ಪ್ರಿಯ ಲೇಖಕರೇ,

‘ಕ್ರೈಸ್ತ ಧರ್ಮದ ಭಿನ್ನಮತೀಯರು’ ಎಂಬ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಭಾಷೆ ಸ್ವಚ್ಛವಾಗಿದೆ. ಹಡ್ಸನ್ ಚರ್ಚಿನ ಆರಾಧನೆಯಲ್ಲಿ ಸಭೆಯೆಲ್ಲ ಎದ್ದು ನಿಂತು ನೈಸೀಯ ವಿಶ್ವಾಸಪ್ರಮಾಣವನ್ನು, ಅಂದರೆ ನಾಲ್ಕನೆಯ ಶತಮಾನದಲ್ಲಿ ರೂಪುಗೊಂಡ ನಂಬಿಕೆಯ ಹೇಳಿಕೆಯನ್ನು, ಕನ್ನಡದಲ್ಲಿ ಒಕ್ಕೊರಲಿನಿಂದ ಹೇಳುವ ಆರಂಭದ ಚಿತ್ರಣವೂ ಚೆನ್ನಾಗಿದೆ. ಆದರೆ ಅರಿಯಸ್‌ನನ್ನು ಕುರಿತ ಪುಟಗಳನ್ನು ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಈ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ.

“ಯೇಸು ದೇವರಲ್ಲ, ನಮ್ಮಂತೆಯೇ ಒಬ್ಬ ಮನುಷ್ಯ ಎಂದು ಸಾರಿದ ಅರಿಯಸ್ ತನ್ನ ಕಾಲದ ವಿಚಾರವಾದಿ” ಎಂದು ಬರೆದಿದ್ದೀರಿ. ಅರಿಯಸ್ ಹಾಗೆ ಹೇಳಲೇ ಇಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯದ ಪಾದ್ರಿಯಾಗಿದ್ದ ಆತನ ಪ್ರಕಾರ ಆದಿಯಿಲ್ಲದವನು ತಂದೆಯಾದ ದೇವರೊಬ್ಬನೇ. ಮಗನು, ಅಂದರೆ ಕ್ರಿಸ್ತ, ಎಲ್ಲಕ್ಕಿಂತ ಮೊದಲು, ಕಾಲವೆಂಬುದು ಶುರುವಾಗುವುದಕ್ಕೂ ಮೊದಲು, ತಂದೆಯ ಇಚ್ಛೆಯಿಂದ ಉಂಟಾದವನು. ಉಳಿದ ಸೃಷ್ಟಿಯೆಲ್ಲ ಆದದ್ದು ಆ ಮಗನ ಮೂಲಕವೇ. ಆದರೂ ಮಗನು ಇಲ್ಲದಿದ್ದ ಸ್ಥಿತಿಯೊಂದಿತ್ತು. ಇದಕ್ಕೆ ಆತನ ಪಕ್ಷದವರು ಆಧಾರ ಕೊಟ್ಟದ್ದು ಬೈಬಲಿನಿಂದಲೇ. ಜ್ಞಾನೋಕ್ತಿಗಳ ಎಂಟನೆಯ ಅಧ್ಯಾಯದಲ್ಲಿ, ಕರ್ತನು ತನ್ನನ್ನು ಆರಂಭದಲ್ಲೇ ಉಂಟುಮಾಡಿದನೆಂದು ಜ್ಞಾನವು ಹೇಳುತ್ತದೆ. ಯೋಹಾನನ ಸುವಾರ್ತೆಯ ಹದಿನಾಲ್ಕನೆಯ ಅಧ್ಯಾಯದಲ್ಲಿ, ತಂದೆಯು ತನಗಿಂತ ದೊಡ್ಡವನೆಂದು ಯೇಸುವೇ ಹೇಳುತ್ತಾನೆ. ದೇವರು ಒಬ್ಬನೇ ಎಂಬುದಕ್ಕೆ ಎಲ್ಲಿಯೂ ಚ್ಯುತಿ ಬರಬಾರದೆಂಬ ಆತಂಕದಿಂದ ಮಾತನಾಡಿದ ಇಂಥವನನ್ನು ನಂಬಿಕೆಯ ಹೊರಗೆ ನಿಲ್ಲಿಸಿ ನೀವು ಮೆಚ್ಚುತ್ತಿದ್ದೀರಿ. ಭಿನ್ನಮತವೆಂದರೆ ಅಪನಂಬಿಕೆಯೆಂದು ಒಮ್ಮೆ ಭಾವಿಸಿಬಿಟ್ಟರೆ, ಒಂದೇ ಗ್ರಂಥವನ್ನು ಓದಿ ಒಂದೇ ದೇವರಿಗೆ ಪ್ರಾರ್ಥಿಸುತ್ತಿದ್ದವರು ಪರಸ್ಪರ ಏಕೆ ಶಪಿಸಿದರೆಂಬ ಪ್ರಶ್ನೆಯೇ ಓದುಗನಿಗೆ ಏಳುವುದಿಲ್ಲ.

ಎದುರು ಪಕ್ಷಕ್ಕೂ ನೀವು ನ್ಯಾಯ ಮಾಡಿಲ್ಲ. ಅರಿಯಸ್‌ನ ವಾದವನ್ನು ವಿರೋಧಿಸಿದ ಅಲೆಕ್ಸಾಂಡ್ರಿಯದ ಅಥನೇಸಿಯಸ್‌ನನ್ನು “ಅಧಿಕಾರದಾಹಿ ಬಿಷಪ್” ಎಂಬ ಎರಡೇ ಪದಗಳಲ್ಲಿ ಮುಗಿಸಿದ್ದೀರಿ. ಮಗನೂ ಸೃಷ್ಟಿಯೇ ಆಗಿದ್ದರೆ ಒಂದು ಸೃಷ್ಟಿ ಇನ್ನೊಂದು ಸೃಷ್ಟಿಯನ್ನು ಮರಣದಿಂದ ಬಿಡಿಸುವುದು ಹೇಗೆ ಎಂಬುದು ಆತನ ಪ್ರಶ್ನೆ. ಅದಕ್ಕೆ ಉತ್ತರ ಸಿಗದೆ ಆತನಿಗೆ ಆರಾಧನೆಯೇ ಸಾಧ್ಯವಿರಲಿಲ್ಲ. ಹಡ್ಸನ್ ಚರ್ಚಿನಲ್ಲಿ ನೀವು ಕೇಳಿದ ವಿಶ್ವಾಸಪ್ರಮಾಣವನ್ನು ಇನ್ನೊಮ್ಮೆ ಸಾಲುಸಾಲಾಗಿ ಓದಿ ನೋಡಿ. ಮಗನು ಹುಟ್ಟಿಸಲ್ಪಟ್ಟವನೇ ಹೊರತು ಉಂಟುಮಾಡಲ್ಪಟ್ಟವನಲ್ಲ, ಆತ ಮತ್ತು ತಂದೆ ಒಂದೇ ತತ್ತ್ವದವರು ಎಂಬ ಸಾಲುಗಳು ಅರಿಯಸ್‌ನ ವಾದಕ್ಕೆ ಕೊಟ್ಟ ಉತ್ತರಗಳು. ಇಷ್ಟು ಒಳ್ಳೆಯ ಆರಂಭವನ್ನು ಕೈಯಲ್ಲಿಟ್ಟುಕೊಂಡು, ಮೂರನೆಯ ಪುಟದಲ್ಲಿ ನೀವು ಅದನ್ನು ಮರೆತೇಬಿಟ್ಟಿರಿ.

ಮುಂದಿನ ವಾಕ್ಯ: “ಅರಿಯಸ್ ಎಂದರೆ ಕ್ರೈಸ್ತರ ಬಸವಣ್ಣ.” ಇದನ್ನು ದಯವಿಟ್ಟು ತೆಗೆದುಹಾಕಿ. ಅರಿಯಸ್ ಪೌರೋಹಿತ್ಯವನ್ನು ಪ್ರಶ್ನಿಸಿದವನಲ್ಲ, ಸ್ವತಃ ಪಾದ್ರಿ. ಬಸವಣ್ಣನವರು ಕಲ್ಯಾಣದಲ್ಲಿ ಎದುರಿಸಿದ ಜಾತಿಯ ಪ್ರಶ್ನೆ ಆತನ ವಿವಾದದಲ್ಲಿ ಇಲ್ಲವೇ ಇಲ್ಲ. ಪರಿಚಿತ ಹೆಸರೊಂದನ್ನು ಅಂಟಿಸಿದ ಕೂಡಲೇ ಕನ್ನಡದ ಓದುಗ ಎಲ್ಲ ಅರ್ಥವಾಯಿತೆಂದುಕೊಂಡು ಪುಟ ತಿರುಗಿಸುತ್ತಾನೆ. ಅಲ್ಲಿಗೆ ಇಬ್ಬರಿಗೂ ಅನ್ಯಾಯವಾಗುತ್ತದೆ.

ಇದರ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಚಾಮರಾಜಪೇಟೆಯ ಮುದ್ರಣಾಲಯವೊಂದರ ಮಾಳಿಗೆಯಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ, ಅಲ್ಲಿನ ಹಿರಿಯ ಸಂಪಾದಕರು ದ್ವೈತ ಮತ್ತು ಅದ್ವೈತದ ವಾದವನ್ನು ಕುರಿತು ಬರೆಯಲು ಹೇಳಿದರು. ನನ್ನ ಒಲವು ಯಾವ ಕಡೆಗೆಂದು ಮೊದಲು ಕೇಳಿದರು. ಅದ್ವೈತವೆಂದಾಗ, ಹಾಗಾದರೆ ಮಧ್ವಮತದ ಪಕ್ಷವನ್ನು ನೀನೇ ಬರೆ ಎಂದರು. ಬರೆದದ್ದನ್ನು ಬಸವನಗುಡಿಯ ಒಬ್ಬ ವೃದ್ಧ ಮಾಧ್ವ ವಿದ್ವಾಂಸರ ಮುಂದೆ ಓದಿ, ‘ಹೌದು, ನಾವು ಹೇಳುವುದು ಇದನ್ನೇ’ ಎಂದು ಅವರು ಒಪ್ಪಿದ ಮೇಲಷ್ಟೇ ಅಚ್ಚಿಗೆ ಕಳಿಸಬೇಕೆಂಬುದು ಕರಾರು. ಆ ವಿದ್ವಾಂಸರು, ದೇವರು, ಜೀವ, ಜಡಗಳ ನಡುವಿನ ಐದು ಬಗೆಯ ಭೇದಗಳನ್ನು ಹೇಳುವ ಪಂಚಭೇದದ ಭಾಗ ಬಂದಾಗ ಕಣ್ಣು ಮುಚ್ಚಿ ಕೇಳಿದರು, ನಡುವೆ ಒಮ್ಮೆ ತಡೆದು ಜಡಕ್ಕೂ ಜಡಕ್ಕೂ ಇರುವ ಭೇದವನ್ನು ಇನ್ನೂ ಬಿಡಿಸಿ ಹೇಳೆಂದರು. ಅವರ ಒಪ್ಪಿಗೆ ಪಡೆದು ಹಿಂದಿರುಗಿದಾಗ ನನ್ನ ಒಲವು ಬದಲಾಗಿರಲಿಲ್ಲ, ಆದರೆ ನಾನು ಒಪ್ಪದ ಮಾತಿನ ಪೂರ್ತಿ ತೂಕ ನನಗೆ ಗೊತ್ತಾಗಿತ್ತು. ಅಂದಿನಿಂದ ಮತವಿಚಾರದ ಯಾವ ಲೇಖನ ಬಂದರೂ ನಾನು ಅದೇ ಕರಾರಿನಿಂದ ಓದುತ್ತೇನೆ. ನಿಮ್ಮ ಪುಟಗಳನ್ನು ಅರಿಯಸ್‌ನ ಅನುಯಾಯಿಯೊಬ್ಬ ಓದಿದರೆ ತನ್ನ ಗುರುವನ್ನು ಗುರುತಿಸಲಾರ. ಅಥನೇಸಿಯಸ್‌ನ ಅನುಯಾಯಿಯೂ ಅಷ್ಟೇ.

ಇನ್ನೊಂದು ವಾಕ್ಯ ನನ್ನನ್ನು ಬಹಳ ಕಾಡಿತು: “325ರಲ್ಲಿ ನೈಸೀಯ ಮಹಾಸಭೆಯು ಅರಿಯಸ್‌ನನ್ನು ಬಹಿಷ್ಕರಿಸಿತು, ಅಲ್ಲಿಗೆ ವಿವಾದ ಮುಗಿಯಿತು.” ವಿವಾದ ನಿಜವಾಗಿ ಬಿರುಸಾದದ್ದು ಆಮೇಲೆ. ಸಭೆಯನ್ನು ಕರೆದ ಚಕ್ರವರ್ತಿ ಕಾನ್‌ಸ್ಟಂಟೈನನೇ ಕೆಲವು ವರ್ಷಗಳಲ್ಲಿ ಅರಿಯಸ್‌ನನ್ನು ಗಡೀಪಾರಿನಿಂದ ಹಿಂದಕ್ಕೆ ಕರೆಸಿದ. 337ರಲ್ಲಿ ಮರಣಶಯ್ಯೆಯಲ್ಲಿದ್ದ ಕಾನ್‌ಸ್ಟಂಟೈನನಿಗೆ ದೀಕ್ಷಾಸ್ನಾನ ಕೊಟ್ಟವನು ಅರಿಯಸ್‌ನ ಬೆಂಬಲಿಗನಾಗಿದ್ದ ನಿಕೊಮೀಡಿಯದ ಬಿಷಪ್ ಯುಸೇಬಿಯಸ್. ನೈಸೀಯದ ನಿರ್ಣಯವನ್ನು ಹಿಡಿದು ನಿಂತ ಅಥನೇಸಿಯಸ್ ಐದು ಸಲ ಗಡೀಪಾರಾದ. ಮುಂದಿನ ಚಕ್ರವರ್ತಿ ಕಾನ್‌ಸ್ಟಾಂಶಿಯಸ್‌ನ ಒತ್ತಡದಿಂದ 359ರ ಸಭೆಗಳು ನೈಸೀಯದ ‘ಒಂದೇ ತತ್ತ್ವ’ ಎಂಬ ಮಾತನ್ನೇ ಕೈಬಿಟ್ಟವು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯವರೆಗೂ ಇದು ಇತ್ಯರ್ಥವಾಗಲಿಲ್ಲ. ಹಾಗಿರುವಾಗ 360ರಲ್ಲಿ ಭಿನ್ನಮತೀಯ ಯಾರು ಎಂದು ನೀವು ಕೇಳಬೇಕಿತ್ತು. ಆ ವರ್ಷ ಸಾಮ್ರಾಜ್ಯದ ಕಣ್ಣಿನಲ್ಲಿ ಹೊರಗಿನವನಾಗಿದ್ದವನು ಅಥನೇಸಿಯಸ್. ಹಾಗೆಂದು ಎಲ್ಲವೂ ಅರಸನ ಬಲದಿಂದ ತೀರ್ಮಾನವಾಯಿತೆಂದು ಬರೆಯಬೇಡಿ. ಅರಸರು ಬದಲಾದರೂ ಎರಡೂ ಪಕ್ಷಗಳ ವಾದ ಉಳಿದೇ ಇತ್ತು.

ಹದಿನಾರನೆಯ ಶತಮಾನದಲ್ಲಿ ತ್ರಿತ್ವವನ್ನು ನಿರಾಕರಿಸಿದ ಸರ್ವೆಟಸ್‌ನ ಭಾಗವನ್ನು ಬಿಟ್ಟುಬಿಡಿ, ಅದಕ್ಕೆ ಜಾಗವಿಲ್ಲ. ಅದರ ಬದಲು ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ಆಗಿದ್ದ ನೆಸ್ಟೋರಿಯಸ್‌ನನ್ನು ತನ್ನಿ. ಕ್ರಿಸ್ತನ ದೈವತ್ವವನ್ನೂ ಮಾನವತ್ವವನ್ನೂ ಬೇರ್ಪಡಿಸಿದನೆಂದು 431ರಲ್ಲಿ ಎಫೆಸದ ಸಭೆ ಆತನನ್ನು ಖಂಡಿಸಿತು. ಅದೇ ಖಂಡನೆಯ ಹೆಸರಿನಲ್ಲಿ 1599ರಲ್ಲಿ ಕೇರಳದ ಉದಯಂಪೇರೂರಿನ ಸಭೆಯು ಅಲ್ಲಿನ ಸುರಿಯಾನಿ ಕ್ರೈಸ್ತರ ಗ್ರಂಥಗಳನ್ನು ಸುಡಲು ಆಜ್ಞೆ ಮಾಡಿತು. 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಮತ್ತು ನೆಸ್ಟೋರಿಯಸ್‌ನ ಪರಂಪರೆಯದೆಂದು ಕರೆಸಿಕೊಂಡ ಅಸ್ಸೀರಿಯನ್ ಸಭೆಯ ಮುಖ್ಯಸ್ಥ ಮಾರ್ ದಿನ್ಖಾ ಅವರು ಕ್ರಿಸ್ತನ ಬಗ್ಗೆ ತಮ್ಮ ನಂಬಿಕೆ ಒಂದೇ ಎಂದು ಜಂಟಿ ಘೋಷಣೆಗೆ ಸಹಿ ಹಾಕಿದರು. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಈ ವಿಷಯ ಬಲ್ಲವರಿದ್ದಾರೆ. ಅರಿಯಸ್‌ನ ಪುಟಗಳನ್ನು ಹೊಸದಾಗಿ ಬರೆದ ಮೇಲೆ ಅವರಲ್ಲೊಬ್ಬರಿಗೆ ಓದಿ ಹೇಳಿ, ಆಮೇಲೆ ನನಗೆ ಕಳಿಸಿ.